ಕಡಲಿನ ಮಜ್ಜಿಗೆ

ಕಡಲೆಂದರೆ ಮಜ್ಜಿಗೆ ತುಂಬಿದ ದೊಡ್ಡ ಹಂಡೆ ಎಂದು ನಾನು ಬಹಳ ಕಾಲ ನಂಬಿದ್ದೆ. ಇದರಲ್ಲಿ ನನ್ನ ತಪ್ಪು ಕಡಿಮೆ, ಭಾಷೆಯದ್ದು ಹೆಚ್ಚು. ನಮ್ಮ ಮನೆಮಾತು ತುಳು. ತುಳುವಿನಲ್ಲಿ ಅಲೆ ಎಂದರೆ ಮಜ್ಜಿಗೆ. ಶಾಲೆಗೆ ಹೋದರೆ ಅಲ್ಲಿ ಕನ್ನಡ. ಎರಡನೆಯ ಕ್ಲಾಸಿನಲ್ಲಿ ಮಾಸ್ಟ್ರು ಪುಸ್ತಕ ಎತ್ತಿ ಹಿಡಿದು, “ಕಡಲಿನಲ್ಲಿ ಅಲೆಗಳು ಏಳುತ್ತವೆ, ಬೀಳುತ್ತವೆ” ಎಂದು ರಾಗವಾಗಿ ಓದಿದರು. ಬೆಂಚು ತುಂಬ ಕೂತಿದ್ದ ತುಳು ಮಕ್ಕಳು ನಾವು ಅದೇ ರಾಗದಲ್ಲಿ ಹಿಂದಿನಿಂದ ಹೇಳಿದೆವು. ಬಂಟ್ವಾಳಕ್ಕೆ ಕಡಲು ಬಹಳ ದೂರವೇನಲ್ಲ, ಆದರೆ ನಾನು ಆಗ ಅದನ್ನು ಕಂಡಿರಲಿಲ್ಲ. ಕಂಡು ಬಂದವರನ್ನು ವಿಚಾರಿಸಿದೆ. ಬೆಳ್ಳಗೆ ನೊರೆ ಉಂಟು ಎಂದರು. ಬಾಯಿಗೆ ಹಾಕಿದರೆ ಉಪ್ಪು ಎಂದರು. ಅಜ್ಜಿ ಹೇಳಿದ ಕಥೆಯಲ್ಲಿ ದೇವತೆಗಳೂ ರಾಕ್ಷಸರೂ ಸೇರಿ ಒಂದು ಬೆಟ್ಟವನ್ನೇ ಕಡೆಗೋಲು ಮಾಡಿ ಕಡಲನ್ನು ಕಡೆದಿದ್ದರು. ಕಡೆದು ಬೆಣ್ಣೆ ತೆಗೆದ ಮೇಲೆ ಪಾತ್ರೆಯಲ್ಲಿ ಉಳಿಯುವುದು ಏನು? ಇಷ್ಟು ಸಾಕ್ಷಿ ಕೂಡಿದ ಮೇಲೆ ಯಾವ ಕೋರ್ಟಾದರೂ ನನ್ನ ಪರವಾಗಿಯೇ ತೀರ್ಪು ಕೊಡುತ್ತಿತ್ತು.

ಮುಂದೆ ಕಡಲನ್ನು ಕಂಡೆ, ನಾಚಿದೆ. ಆದರೆ ಒಂದು ಬುದ್ಧಿ ಬಂತು. ಸಾಕ್ಷಿಗಳೆಲ್ಲ ಒಂದಕ್ಕೊಂದು ಬಹಳ ಚೆನ್ನಾಗಿ ಹೊಂದಿಕೊಂಡರೆ ಅಲ್ಲೇ ಅನುಮಾನ ಪಡಬೇಕು. ಅಂದಿನಿಂದ ನಾನು ಅನುಮಾನದ ಮನುಷ್ಯ. ನನ್ನ ಓದು ಎಂಟನೆಯ ಕ್ಲಾಸಿಗೆ ನಿಂತಿತು, ಅನುಮಾನ ಮಾತ್ರ ಮುಂದಕ್ಕೆ ಓದಿತು.

ಅನುಮಾನ ಎಲ್ಲಿ ಇದ್ದರೂ ಅಡಿಗೆಮನೆಯಲ್ಲಿ ಇರಬಾರದು ಎಂದು ನನ್ನ ಹೆಂಡತಿ ರಾಜೀವಿ ಹೇಳುತ್ತಿದ್ದಳು. ಅವಳು ಸಂಜೆ ಹಾಲಿಗೆ ಹೆಪ್ಪು ಹಾಕಿ ಮುಚ್ಚಿಡುವಳು. ನಾನು ಮೊಸರಾಯಿತೋ ಇಲ್ಲವೋ ಎಂದು ಮುಚ್ಚಳ ಎತ್ತಿ, ಪಾತ್ರೆಯನ್ನು ಸ್ವಲ್ಪ ವಾಲಿಸಿ ನೋಡುವವ. “ಮುಚ್ಚಿಡಿ ಮಾರಾಯ್ರೆ,” ಎನ್ನುವಳು. “ಅಲುಗಿಸಿ ಅಲುಗಿಸಿ ನೋಡಿದ್ರೆ ಯಾವ ಹಾಲೂ ಗಟ್ಟಿಯಾಗುವುದಿಲ್ಲ.”

ಅವಳ ಊರು ಮೂಡಬಿದ್ರೆ. ಮದುವೆಯಾದ ಹೊಸತರಲ್ಲಿ ನಮ್ಮ ಮನೆಯ ಮೊಸರಿಗೆ ರುಚಿಯಿಲ್ಲವೆಂದು, ತವರಿಗೆ ಹೋಗಿದ್ದವಳು ಅಲ್ಲಿಂದ ಹೆಪ್ಪು ತಂದಿದ್ದಳು. ಹಿತ್ತಾಳೆಯ ಒಂದು ಸಣ್ಣ ಚೆಂಬು, ಅದರ ಬಾಯಿಗೆ ಬಾಡಿಸಿದ ಬಾಳೆಲೆ, ಮೇಲೆ ಬಾಳೆನಾರು. ನಾನು ಆಗಲೂ ಈಗಿನ ಕೆಲಸದಲ್ಲಿಯೇ ಇದ್ದೆ, ಬಂಟ್ವಾಳದಲ್ಲಿ ಒಂದು ಬಸ್ ಕಂಪೆನಿಯ ಏಜೆಂಟ. ಬಸ್ಸಿನಿಂದ ಇಳಿದ ಅವಳನ್ನು ನಾನೇ ಎದುರುಗೊಂಡೆ. ಬಸ್ಸು ತಡವಾಗಿತ್ತು. ಅವಳ ಸೀರೆಯ ನೆರಿಗೆಯೆಲ್ಲ ಹುಳಿ ವಾಸನೆ ಹೊಡೆಯುತ್ತಿತ್ತು. ಚೆಂಬನ್ನು ಮಗುವಿನ ಹಾಗೆ ಅವಚಿಕೊಂಡಿದ್ದಳು. ಬಿಚ್ಚಿ ನೋಡಿದರೆ ಕಂಠದವರೆಗೆ ಮೊಸರು. “ನಮ್ಮ ತವರಿನ ಹೆಪ್ಪು,” ಎಂದಳು. ಅಂದಿನಿಂದ ನಮ್ಮಲ್ಲಿ ಪ್ರತಿದಿನದ ಮೊಸರೂ ಹಿಂದಿನ ದಿನದ ಮೊಸರಿನ ಮಗಳು. ನಮಗೆ ಬೇರೆ ಮಕ್ಕಳಾಗಲಿಲ್ಲ.

ಅವಳಿಗೂ ಒಂದು ಅನುಮಾನವಿತ್ತು, ಅದನ್ನು ಹೇಳದೆ ಬಿಟ್ಟರೆ ನ್ಯಾಯವಾಗದು. ಮೂಡಬಿದ್ರೆಯ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದ ಕೆತ್ತನೆಯ ಹಾಗೆ ಇನ್ನೊಂದು ಕಂಬದ್ದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಒಮ್ಮೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಹೂವು, ಬಳ್ಳಿ, ಹಗ್ಗ ಹೆಣೆದ ಹಾಗೆ ಗಂಟುಗಳು. ಬೆರಳಿಟ್ಟು ಗಂಟಿನ ಒಂದೆಳೆಯನ್ನು ಹಿಂಬಾಲಿಸಿದರೆ ಮೇಲೆ ಹೋಗಿ, ಕೆಳಗೆ ನುಸುಳಿ, ಸುತ್ತಿ ಬಂದು ಹೊರಟಲ್ಲಿಗೇ ಸೇರುತ್ತದೆ. ನಾನು ಬಾಯಿ ಬಿಟ್ಟು ನೋಡುತ್ತಿರುವಾಗ ಅವಳು ಕಿವಿಯ ಹತ್ತಿರ ಬಂದು, “ಇದರಲ್ಲಿ ಎರಡು ಕಂಬ ಒಂದೇ ಥರ ಉಂಟು. ನಾನು ಸಣ್ಣವಳಿರುವಾಗಲೇ ಕಂಡುಹಿಡಿದದ್ದು,” ಎಂದಳು. ಯಾವುದು ಎಂದು ಕೇಳಿದೆ. “ನೀವು ಅನುಮಾನದವರಲ್ವಾ? ನೀವೇ ಹುಡುಕಿ.” ಆಮೇಲೆ ಎಷ್ಟು ಸಲ ಕೇಳಿದರೂ ಅದೇ ನಗು, ಅದೇ ಉತ್ತರ.

ಅವಳ ಅಣ್ಣ ಮೂಡಬಿದ್ರೆಯಲ್ಲಿಯೇ ಹೈಸ್ಕೂಲು ಮಾಸ್ಟ್ರು. ಲೆಕ್ಕ ಮತ್ತು ವಿಜ್ಞಾನ ಕಲಿಸುವವರು. ನನಗೆ ಭಾವ. ಅವರದ್ದು ನನ್ನದಕ್ಕೆ ತದ್ವಿರುದ್ಧ ಸ್ವಭಾವ. ನಾನು ಕಂಡದ್ದನ್ನೆಲ್ಲ ಅನುಮಾನಿಸುವವನಾದರೆ ಅವರು ಕಂಡದ್ದರಲ್ಲೆಲ್ಲ ಒಂದು ನಿಯಮ ಹುಡುಕುವವರು. ಊಟದ ಮಾತು, ಊರಿನ ಮಾತು ಎಲ್ಲ ತುಳುವಿನಲ್ಲಿ ನಡೆಯುತ್ತಿರುತ್ತದೆ, ವಿಜ್ಞಾನ ಬಂದ ಕೂಡಲೇ ಭಾವ ಕನ್ನಡದ ಮೆಟ್ಟಿಲು ಹತ್ತುತ್ತಾರೆ. ಹತ್ತಿದರೆಂದರೆ ಅಲೆಯ ವಿಷಯ ಬಂತೆಂದೇ ಲೆಕ್ಕ.

“ನೋಡಿ ಭಾವ, ಕೆರೆಗೆ ಕಲ್ಲು ಹಾಕ್ತೀರಿ. ಅಲೆ ದಡಕ್ಕೆ ಬರ್ತದೆ. ನೀರು ಬರ್ತದಾ?”

“ಬರದೆ ಮತ್ತೆ?”

“ಇಲ್ಲ. ನಡುವೆ ಒಂದು ಎಲೆ ಬಿದ್ದಿರ್ತದಲ್ಲ, ಅದನ್ನು ನೋಡಿ. ಇದ್ದಲ್ಲೇ ಏಳ್ತದೆ, ಇಳೀತದೆ. ನೀರು ಎಲ್ಲಿಗೂ ಹೋಗುವುದಿಲ್ಲ. ಆಕಾರ ಮಾತ್ರ ಹೋಗ್ತದೆ, ದೂರ ಹೋದ ಹಾಗೆ ಸಣ್ಣದಾಗ್ತದೆ.”

ಗದ್ದೆಯಲ್ಲಿ ಗಾಳಿ ಬೀಸಿದಾಗ ಪೈರಿನ ಮೇಲೆ ಏನೋ ಓಡಿದ ಹಾಗೆ ಕಾಣುತ್ತದೆ, ಆದರೆ ನೇಜಿಯ ಒಂದು ಸಸಿಯೂ ತನ್ನ ಬುಡ ಬಿಟ್ಟು ಹೋಗಿರುವುದಿಲ್ಲ. ಹೋಟೆಲಿನ ರೇಡಿಯೋದಲ್ಲಿ ಹಾಡುವವರು ಅಲ್ಲೇ ಇರುತ್ತಾರೆ, ಹಾಡು ಇಲ್ಲಿಗೆ ಬರುತ್ತದೆ. ಇವೆಲ್ಲ ಭಾವನ ಉದಾಹರಣೆಗಳು. ನಾನು ತಲೆ ಆಡಿಸುತ್ತಿದ್ದೆ. ವಸ್ತು ಬಾರದೆ ಆಕಾರ ಮಾತ್ರ ಬರುವುದೆಂದರೆ ಭೂತದ ಕಥೆ ಅದಕ್ಕಿಂತ ನಂಬಲು ಸುಲಭ ಎಂದು ಒಳಗೊಳಗೇ ಅನಿಸುತ್ತಿತ್ತು.

ಒಮ್ಮೆ ನನ್ನ ಕಸುಬಿನದೇ ಒಂದು ಪ್ರಶ್ನೆ ಹಾಕಿ ಅವರನ್ನು ಸೋಲಿಸಲು ನೋಡಿದೆ. ಬಸ್ಸುಗಳನ್ನು ನಾವು ಎಷ್ಟು ಅಂತರವಿಟ್ಟು ಬಿಟ್ಟರೂ, ಬಹಳ ಹೊತ್ತು ಒಂದೂ ಬಾರದೆ ಆಮೇಲೆ ಎರಡು ಒಟ್ಟಿಗೆ ಬರುತ್ತವೆ, ಯಾಕೆ? ಡ್ರೈವರುಗಳಿಬ್ಬರೂ ದಾರಿಯಲ್ಲಿ ಎಲ್ಲೋ ಕೂತು ಚಹಾ ಕುಡಿಯುತ್ತಾರೆಂದು ನನ್ನ ಅನುಮಾನ. ಭಾವ ನಕ್ಕರು. ಮುಂದಿನ ಬಸ್ಸು ಸ್ವಲ್ಪ ತಡವಾದರೆ ನಿಲ್ದಾಣದಲ್ಲಿ ಜನ ಹೆಚ್ಚು ಕೂಡುತ್ತಾರೆ, ಅವರನ್ನು ಹತ್ತಿಸುವಾಗ ಅದು ಇನ್ನೂ ತಡವಾಗುತ್ತದೆ. ಹಿಂದಿನ ಬಸ್ಸಿಗೆ ಜನವೇ ಉಳಿದಿರುವುದಿಲ್ಲ, ಅದು ಬೇಗ ಬೇಗ ಬಂದು ಮುಂದಿನದನ್ನು ಹಿಡಿಯುತ್ತದೆ. “ಇದಕ್ಕೆ ಚಹಾ ಬೇಡ ಭಾವ, ಲೆಕ್ಕ ಸಾಕು,” ಎಂದರು. ನಾನು ಸೋತೆ. ಆಮೇಲೆ ವಿಚಾರಿಸಿದಾಗ ಡ್ರೈವರುಗಳು ಚಹಾ ಕುಡಿಯುತ್ತಿದ್ದದ್ದೂ ನಿಜವೆಂದು ತಿಳಿಯಿತು. ನಿಯಮ ಸರಿ ಇರುವಲ್ಲಿಯೂ ಚಹಾ ಇರುತ್ತದೆ. ಇದನ್ನು ನಾನು ಭಾವನಿಗೆ ಹೇಳಲಿಲ್ಲ.

ರಾಜೀವಿ ಒಂದು ಜ್ವರದಲ್ಲಿ ತೀರಿಕೊಂಡಳು. ಅದನ್ನು ಇಷ್ಟರಲ್ಲಿಯೇ ಮುಗಿಸುತ್ತೇನೆ.

ಸಾವಿನ ಮನೆಯಲ್ಲಿ ಕೂತವನಿಗೆ ಕಣ್ಣಿಗೆ ಕೆಲಸವಿರುವುದಿಲ್ಲ, ಕಿವಿಗೆ ಮಾತ್ರ. ಅಳು ಒಂದೇ ಸಮನೆ ಇರುವುದಿಲ್ಲ ಎಂದು ಆಗ ಗಮನಿಸಿದೆ. ಅದು ಏಳುತ್ತದೆ, ತಗ್ಗುತ್ತದೆ, ಮೂಲೆಯಲ್ಲಿ ಯಾರೋ ಎಲೆಅಡಿಕೆಯ ಮಾತಾಡುತ್ತಾರೆ. ಅಷ್ಟರಲ್ಲಿ ಹೊಸಬರೊಬ್ಬರು ಅಂಗಳಕ್ಕೆ ಕಾಲಿಡುತ್ತಾರೆ, ಬಾಗಿಲ ಹತ್ತಿರದವರಿಂದ ಆರಂಭವಾಗಿ ಒಳಮನೆಯವರೆಗೆ ಮತ್ತೆ ಏಳುತ್ತದೆ. ಭಾವ ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದರು. ಅವರೂ ಅದನ್ನೇ ಗಮನಿಸುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅಂಥ ಹೊತ್ತಿನಲ್ಲಿ ಅಂಥದನ್ನು ಗಮನಿಸಿದ್ದಕ್ಕೆ ಇಬ್ಬರಿಗೂ ನಾಚಿಕೆಯಾಗಿತ್ತು.

ಅವಳು ಹೋದದ್ದು ಶನಿವಾರ. ಶನಿವಾರದ ಹೆಣ ಜೊತೆಗೊಬ್ಬರನ್ನು ಬೇಡುತ್ತದೆ ಎಂಬ ಮಾತುಂಟಲ್ಲ, ಊರಿನವರು ಮೊದಮೊದಲು ನನ್ನನ್ನು ನೋಡಿದ್ದು ಆ ಕಣ್ಣಿನಿಂದ. ನಾನು ಒಮ್ಮೆ ಕೆಮ್ಮಿದರೆ ಹೋಟೆಲಿನಲ್ಲಿ ಮಾತು ನಿಲ್ಲುತ್ತಿತ್ತು. ಸ್ವಲ್ಪ ಸಮಯ ಕಳೆಯಿತು, ನಾನು ಎಲ್ಲಿಗೂ ಹೋಗಲಿಲ್ಲ. ಆಗ ಲೆಕ್ಕ ಬದಲಾಯಿತು. ಜೊತೆ ಹೋಗಬೇಕಾಗಿದ್ದವನನ್ನು ಈಗ ಜೊತೆ ತರಬೇಕಾದವನ ಹಾಗೆ ನೋಡತೊಡಗಿದರು. ಮಕ್ಕಳಿಲ್ಲ, ಕೆಲಸ ಉಂಟು, ವಯಸ್ಸು ಮೀರಿಲ್ಲ, ಇನ್ನೊಂದು ಮಾಡಿಕೊಳ್ಳಲಿ. ಇನ್ನೊಂದು. ಸಾವಿರ ಕಂಬದಲ್ಲಿ ಒಂದರ ಹಾಗೆ ಇನ್ನೊಂದಿಲ್ಲವೆಂದು ಹೆಮ್ಮೆಯಿಂದ ಹೇಳುವ ಜನ ಇವರೇ.

ಇನ್ನು ಹೆಪ್ಪಿನ ವಿಷಯ. ಸೂತಕದ ದಿನಗಳಲ್ಲಿ ನಮ್ಮಲ್ಲಿ ಹಾಲು ಕಾಯಿಸಿದವರಿಲ್ಲ. ಆಮೇಲೆ ಮನೆ ತೊಳೆದು ಶುದ್ಧ ಮಾಡಿದ ಹೆಂಗಸರು ಮೊಸರಿನ ಪಾತ್ರೆಯನ್ನೂ ಹುಣಸೆಹುಳಿ ಹಾಕಿ ತಿಕ್ಕಿ ಫಳಫಳ ಮಾಡಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆ ಪಾತ್ರೆ ಅಷ್ಟು ಹೊಳೆದದ್ದನ್ನು ನಾನು ಮೊದಲು ಕಂಡಿರಲಿಲ್ಲ. ಆಚೀಚೆ ಮನೆಯವರಲ್ಲಿ ಹೆಪ್ಪು ತಂದು ಹಾಕಿದೆ. ಮೊಸರೇನೋ ಆಯಿತು. ಆದರೆ ಅದು ಬೇರೆಯವರ ಮನೆಯ ಮೊಸರು, ನಮ್ಮ ಪಾತ್ರೆಯಲ್ಲಿ ಅತಿಥಿಯ ಹಾಗೆ ಕೂತಿತ್ತು.

ಹೀಗಿರುವಾಗ ಮೂಡಬಿದ್ರೆ ಲೈನಿನ ನಮ್ಮ ಬಸ್ಸೊಂದು ಸಿದ್ಧಕಟ್ಟೆಯಲ್ಲಿ ಕೆಟ್ಟು ನಿಂತಿತು. ಕಂಪೆನಿಯವರು ಏನಾಯಿತೆಂದು ನೋಡಿ ಬರಲು ನನ್ನನ್ನು ಕಳುಹಿಸಿದರು. ಬಸ್ಸಿನ ವಿಷಯ ನನಗೆ ಏನೂ ತಿಳಿಯದು. ಹೋಗಿ, ಅದು ನಿಂತಿದೆ ಎಂಬುದನ್ನು ಖಚಿತಪಡಿಸಿಕೊಂಡೆ. ಬಸ್ಸು ನಿಲ್ಲುವ ಜಾಗದ ಎದುರಿಗೇ ಗಿರಿಜಕ್ಕ ಎಂಬವರ ಮನೆ. ದಾರಿಹೋಕರು ಯಾರು ಕೇಳಿದರೂ ಬೆಲ್ಲ ನೀರೋ ಮಜ್ಜಿಗೆಯೋ ಕೊಡುವ ಮನೆ. ಬಿಸಿಲಿತ್ತು, ಜಗಲಿಯಲ್ಲಿ ಕೂತೆ. ಮಜ್ಜಿಗೆ ಬಂತು.

ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ. ರಾಜೀವಿಯ ಮಜ್ಜಿಗೆ. ಅದೇ ಹುಳಿ, ಕೊನೆಯಲ್ಲಿ ನಾಲಿಗೆಯ ಬದಿಗೆ ಬರುವ ಅದೇ ಸಣ್ಣ ಸಿಹಿ. ಸ್ವಲ್ಪ ಹೆಪ್ಪು ಕೊಡುತ್ತೀರಾ ಎಂದು ಕೇಳಬೇಕು, ಅಷ್ಟೇ. ಬಾಗಿಲ ಹತ್ತಿರ ನಿಂತಿದ್ದ ಗಿರಿಜಕ್ಕನಿಗೆ, “ಒಂದು ಕೇಳುವುದಕ್ಕಿತ್ತು,” ಎಂದೆ. ಮುಂದಿನ ಮಾತು ಬರಲಿಲ್ಲ. ತಲೆ ತಗ್ಗಿಸಿದೆ. ಕಣ್ಣಿನಲ್ಲಿ ನೀರು ಬಂದದ್ದು ಕಾಣಬಾರದೆಂದು ಚಪ್ಪಲಿಯ ಕಡೆ ನೋಡತೊಡಗಿದೆ.

ಹೆಂಡತಿ ಸತ್ತ ಗಂಡಸು, ಮದುವೆಯಾಗದ ತಂಗಿ ಇರುವ ಮನೆಯ ಜಗಲಿಯಲ್ಲಿ ಕೂತು, ತಲೆ ತಗ್ಗಿಸಿ “ಒಂದು ಕೇಳುವುದಕ್ಕಿತ್ತು” ಎಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಗಿರಿಜಕ್ಕನಿಗೆ ತಂಗಿ ಇದ್ದಾಳೆಂದೇ ನನಗೆ ತಿಳಿದಿರಲಿಲ್ಲ. ಒಳಗೆ ಬಳೆಯ ಸದ್ದಾಯಿತು. ಅಲ್ಲಿಯವರೆಗೆ ಮಲಗಿದ್ದ ಗಿರಿಜಕ್ಕನ ಗಂಡ ಎದ್ದು ಹೆಗಲಿಗೆ ಶಾಲು ಹಾಕಿಕೊಂಡು ಬಂದು ಎದುರಿಗೆ ಕೂತರು. “ಅವಸರ ಎಂತ ಇಲ್ಲ. ನಿಧಾನ ಹೇಳಿ,” ಎಂದರು. ನನಗೆ ಅವರ ಶಾಲು ಕಂಡು ಗಾಬರಿಯಾಯಿತು, ಯಾಕೆಂದು ಗೊತ್ತಾಗಲಿಲ್ಲ. ಎದ್ದು ನಿಂತು, ಒಬ್ಬ ಮನುಷ್ಯ ಆ ಸ್ಥಿತಿಯಲ್ಲಿ ಹೇಳಬಾರದ ಮಾತೊಂದನ್ನು ಹೇಳಿದೆ.

“ಇವತ್ತು ಬೇಡ. ಇನ್ನೊಂದು ಒಳ್ಳೆ ದಿನ ನೋಡಿ ಬರ್ತೇನೆ.”

ಕೆರೆಗೆ ಕಲ್ಲು ಬಿತ್ತು.

ಸಿದ್ಧಕಟ್ಟೆಯಿಂದ ಹೊರಟಾಗ ಸುದ್ದಿ ಸಣ್ಣದಿತ್ತು. ಬಂಟ್ವಾಳದ ಏಜೆಂಟರು ಏನೋ ಕೇಳಲು ಬಂದಿದ್ದರು, ಅಷ್ಟೇ. ಬಸ್ಸು ಹತ್ತಿ ಮೂಡಬಿದ್ರೆ ಮುಟ್ಟುವಾಗ ಅದು, ಹುಡುಗಿಯನ್ನು ಕೇಳಿದ್ದಾರೆ ಎಂದಾಗಿತ್ತು. ಅಲ್ಲಿಂದ ಅಳದಂಗಡಿಯ ಕಡೆ ಹೋದದ್ದು, ಮಾತು ಮುಗಿಯಿತು ಎಂದಾಯಿತು. ಬೆಳ್ತಂಗಡಿಯಲ್ಲಿ ಅದಕ್ಕೆ ಒಂದು ಉಂಗುರ ಸೇರಿತು. ಪುನಃ ಬಂಟ್ವಾಳಕ್ಕೆ ಬಂದು ಸೇರುವಾಗ ಹೆಣ್ಣಿನ ಹೆಸರಿಗೆ ಒಂದು ಗದ್ದೆಯೂ ಆಗಿತ್ತು. ದೂರ ಹೋದ ಹಾಗೆ ಅಲೆ ಸಣ್ಣದಾಗುತ್ತದೆ ಎಂದು ಭಾವ ಹೇಳಿದ್ದರಲ್ಲ, ಅದು ನೀರಿಗೆ ಮಾತ್ರವಿರಬೇಕು. ಬಾಯಿಯಿಂದ ಬಾಯಿಗೆ ಹೋಗುವ ಅಲೆ ದೂರ ಹೋದಷ್ಟೂ ಮೈ ತುಂಬಿಕೊಳ್ಳುತ್ತದೆ. ಒಂದು ವಿಷಯದಲ್ಲಿ ಮಾತ್ರ ಭಾವನ ನಿಯಮ ಸರಿಯಾಗಿತ್ತು. ಸುದ್ದಿ ಊರೆಲ್ಲ ಸುತ್ತಿತು, ನಾನು ಎಲೆಯ ಹಾಗೆ ನನ್ನ ಮೇಜಿನ ಹತ್ತಿರವೇ ಇದ್ದೆ.

ನನಗೆ ಅದು ಮುಟ್ಟಿದ್ದು ಕಂಡಕ್ಟರ್ ಅದ್ರಾಮನಿಂದ. ಮೂಡಬಿದ್ರೆ ಲೈನಿನವನು, ಟಿಕೇಟಿನ ಜೊತೆಗೆ ಸುದ್ದಿಯನ್ನು ಪುಕ್ಕಟೆ ಕೊಡುವವನು.

“ಬೆಳ್ತಂಗಡಿಯಲ್ಲಿ ಹೇಳ್ತಿದ್ರು, ಬಂಟ್ವಾಳದ ಯಾರೋ ಏಜೆಂಟ್ರಿಗೆ ಮದುವೆಯಂತೆ,” ಎಂದ.

“ಹೌದಾ? ಯಾರಪ್ಪಾ ಅದು, ನನಗೆ ಗೊತ್ತಿಲ್ಲದವರು?” ಎಂದೆ.

ಅದ್ರಾಮ ನನ್ನ ಮುಖವನ್ನು ಬಹಳ ಮೆಚ್ಚಿಗೆಯಿಂದ ನೋಡಿದ. “ನಿಮ್ಮ ಹೊಟ್ಟೆಯೊಳಗೆ ಆನೆ ಹೋದ್ರೂ ಗೊತ್ತಾಗ್ಲಿಕ್ಕಿಲ್ಲ ಏಜೆಂಟ್ರೇ. ಇರಲಿ, ಊಟಕ್ಕೆ ನಮ್ಮನ್ನು ಮರೀಬೇಡಿ.”

ಉಳಿದದ್ದನ್ನು ಅವನಿಂದ ಬಿಡಿಸಿ ಕೇಳಿದ ಮೇಲೆ ನನ್ನ ಮೊದಲ ಯೋಚನೆ ಭಾವನದ್ದು. ಮೂಡಬಿದ್ರೆಗೆ ಸುದ್ದಿ ಹೋಗಿ ಆಗಲೇ ಹಳತಾಗಿತ್ತು. ನಾನು ಇನ್ನೊಂದು ಮದುವೆಯಾದರೆ ಭಾವ ನನ್ನ ಮೇಲೆ ಸಿಟ್ಟಾಗುವವರಲ್ಲ, ಮದುವೆಗೂ ಬಂದು ಉಂಡು ಹೋಗುವವರು. ಆಮೇಲೆ ಬರಲು ಅವರಿಗೆ ಕಾರಣವಿರುವುದಿಲ್ಲ. ಬೇರೆ ಹೆಂಗಸಿನ ಮನೆಯಲ್ಲಿ ಕೂತು ತನ್ನ ತಂಗಿಯ ಮಾತು ಆಡಲು ಯಾವ ಅಣ್ಣನಿಗೆ ಬಾಯಿ ಬರುತ್ತದೆ? ರಾಜೀವಿಯನ್ನು ಚೆನ್ನಾಗಿ ಬಲ್ಲವರೆಂದು ಇನ್ನು ಉಳಿದಿದ್ದವರು ನಾವಿಬ್ಬರೇ. ಅವರು ಬರುವುದು ನಿಂತರೆ ಅವಳ ಹೆಸರನ್ನು ಜೋರಾಗಿ ಹೇಳಲು ನನಗೆ ಒಂದು ಜಾಗವೂ ಇರುವುದಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೆ.

ಆ ಭಾನುವಾರ ಭಾವ ಬಂದರು. “ಸುಮ್ಮನೆ ಬಂದೆ,” ಎಂದರು. ಸುಮ್ಮನೆ ಬರುವವರು ಹಾಗೆ ಹೇಳುವುದಿಲ್ಲ. ಮನೆಯೊಳಗೆ ಕಾಲಿಟ್ಟವರು ಗೋಡೆ, ಹಗ್ಗದ ಮೇಲಿನ ಬಟ್ಟೆ, ಅವಳ ಕನ್ನಡಿ ಎಲ್ಲವನ್ನೂ ಒಮ್ಮೆ ನೋಡಿದರು. ನೋಡಿದ್ದನ್ನು ನಾನು ನೋಡಿದೆ. ಚಹಾ ಕುಡಿಯುವ ಎಂದು ಇಬ್ಬರೂ ಹೋಟೆಲಿಗೆ ಹೊರಟೆವು. ಎದುರು ಬದುರು ಕೂತು ಬಹಳ ಹೊತ್ತು ಮಳೆ ಬೆಳೆಯ ಮಾತಾಡಿದೆವು. ಅವರು ನನ್ನನ್ನು ಅನುಮಾನಿಸುತ್ತಿದ್ದಾರೆ ಎಂದು ನನಗೆ ಅನುಮಾನ, ನನಗೆ ಅನುಮಾನ ಬಂದಿದೆ ಎಂದು ಅವರಿಗೆ ಅನುಮಾನ. ಕೊನೆಗೆ ಭಾವ ಕನ್ನಡದ ಮೆಟ್ಟಿಲು ಹತ್ತಿದರು.

“ದುಃಖವೂ ಒಂದು ಅಲೆಯೇ ಭಾವ,” ಎಂದು, ಮೇಜಿನ ಮೇಲೆ ಚೆಲ್ಲಿದ್ದ ಚಹಾದಲ್ಲಿ ಬೆರಳದ್ದಿ ಬರೆಯತೊಡಗಿದರು. “ಮೊದಲನೇದು ಇಷ್ಟು ಎತ್ತರ ಬರ್ತದೆ. ಮತ್ತಿನದು ಇಷ್ಟು. ಅದರ ಮತ್ತಿನದು ಇನ್ನೂ ಸಣ್ಣದು. ಕೊನೆಗೆ ನೀರು ಸಮ ಆಗ್ತದೆ. ಅದು ಪ್ರಕೃತಿಯ ನಿಯಮ. ನೀರು ಸಮ ಆದ ಮೇಲೆ ಮನುಷ್ಯ ಬೇರೆ ಯೋಚನೆ ಮಾಡಿದ್ರೆ ಅದು ತಪ್ಪಲ್ಲ. ನಾನು ತಪ್ಪು ಅಂತ ಹೇಳುವವನಲ್ಲ.”

ನೀರು ಸಮವಾದರೆ ಅವಳೆಲ್ಲಿರುತ್ತಾಳೆ ಎಂದು ನನ್ನ ಬಾಯಿಗೆ ಬಂದಿತ್ತು. ಹೇಳಲಿಲ್ಲ, ಯಾಕೆಂದರೆ ನಾನು ಅವರ ಬೆರಳನ್ನೇ ನೋಡುತ್ತಿದ್ದೆ. ಇಳಿಯುತ್ತಾ ಬಂದ ಗೆರೆ ಕೊನೆಯಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ಹೋಗಿ ಮೇಜಿನ ಅಂಚಿಗೆ ಮುಟ್ಟಿತು. ಭಾವ ಅದನ್ನು ಅಂಗೈಯಿಂದ ಒರೆಸಿಬಿಟ್ಟರು. ಒರೆಸಿ, ತುಳುವಿಗೆ ಇಳಿದು ಕೇಳಿದರು.

“ಸಿದ್ಧಕಟ್ಟೆಯಲ್ಲಿ ಎಂತದೋ ಕೇಳಿದ್ರಂತೆ?”

“ಹೆಪ್ಪು,” ಎಂದೆ.

“ಎಂತದು?”

“ಮೊಸರಿನ ಹೆಪ್ಪು. ಕೇಳಬೇಕೂಂತ ಇದ್ದೆ. ಕೇಳ್ಲಿಕ್ಕೆ ಆಗ್ಲಿಲ್ಲ.”

ಭಾವ ನನ್ನನ್ನು ಹಾಗೇ ನೋಡುತ್ತಾ ಕೂತರು. ಲೆಕ್ಕ ಸರಿಯಿದ್ದೂ ಉತ್ತರ ವಿಚಿತ್ರವಾಗಿ ಬಂದಾಗ ಅವರ ಮುಖ ಹಾಗಾಗುತ್ತದೆ. ನಾನು ಎಲ್ಲವನ್ನೂ ಹೇಳಿದೆ, ತಿಕ್ಕಿಟ್ಟ ಪಾತ್ರೆ, ಗಿರಿಜಕ್ಕನ ಮಜ್ಜಿಗೆ, ಶಾಲು, ಒಳ್ಳೆ ದಿನ. ಬೇರೆ ಯಾರಾದರೂ ಆಗಿದ್ದರೆ ಶಾಲಿನ ಹತ್ತಿರ ನಗುತ್ತಿದ್ದರು.

“ಹೆಪ್ಪು ಬೇಕಿದ್ರೆ ನಮ್ಮಲ್ಲಿ ಕೇಳ್ಬಾರದಿತ್ತಾ?” ಎಂದರು. ಸಿಟ್ಟು ಬಂದಿತ್ತು. “ನಿಮ್ಮ ಮನೆಗೆ ಬಂದ ಹೆಪ್ಪು ನಮ್ಮದಲ್ವಾ? ದಾರಿಯ ಮೇಲಿನ ಮನೆಯಲ್ಲಿ ಯಾಕೆ ಕೇಳ್ಬೇಕಿತ್ತು?”

“ನಿಮ್ಮ ಮನೆಯಲ್ಲಿ ಒಮ್ಮೆ ಕೇಳಿದ್ದೇನಲ್ಲ ಭಾವ,” ಎಂದೆ. “ಕೊಟ್ಟಿದ್ರಿ. ಉಳಿಸಿಕೊಳ್ಳಲಿಲ್ಲ. ಇನ್ನೊಮ್ಮೆ ಕೇಳ್ಲಿಕ್ಕೆ ಬಾಯಿ ಬರ್ಲಿಲ್ಲ.”

ಹೋಟೆಲಿನ ರೇಡಿಯೋ ಕರಕರ ಎನ್ನುತ್ತಿತ್ತು. ಭಾವ ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಂಡರು, ಸೆಕೆಯೆಂದರು. ಸೆಕೆ ಇರಲಿಲ್ಲ. ಬಸ್ಸು ಬಂತು, ಹೋದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಹೆಪ್ಪಿಗಾಗಿ ಅಳುವ ಗಂಡಸಿನ ಕಥೆಯನ್ನು ಯಾರಾದರೂ ನನಗೆ ಹೇಳಿದ್ದರೆ ನಾನಂತೂ ನಂಬುತ್ತಿರಲಿಲ್ಲ.

ಮುಂದಿನ ಭಾನುವಾರ ಬಸ್ಸು ತಡವಾಗಿ ಬಂತು. ಮೊದಲು ಇಳಿದವರು ಭಾವ. ಕೈಯಲ್ಲಿ ಹಿತ್ತಾಳೆಯ ಚೆಂಬು, ಅದರ ಬಾಯಿಗೆ ಬಾಳೆಲೆ, ಬಾಳೆನಾರು. ಮಗುವನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಅವಚಿಕೊಂಡಿದ್ದರು. ಮನೆಗೆ ಬಂದು ಅದನ್ನು ನನ್ನ ಮುಂದಿಟ್ಟು, ಶಾಲೆಯಲ್ಲಿ ಪದಕ ಕೊಡುವವರ ಗಾಂಭೀರ್ಯದಿಂದ, “ನಮ್ಮ ಮನೆಯದ್ದು. ಅವಳು ತಂದದ್ದೂ ಇದನ್ನೇ,” ಎಂದರು. ಬಿಚ್ಚಿ ನೋಡಿದೆ. ಕಂಠದವರೆಗೆ ಮೊಸರು. ಆದರೆ ಭಾವನ ಪಂಚೆಯ ಮುಂಭಾಗವೆಲ್ಲ ಹುಳಿ ವಾಸನೆ ಹೊಡೆಯುತ್ತಿತ್ತು.

ಹಾಲು ಕಾಯಿಸಿ, ಆರಿಸಿ, ಅವಳ ಪಾತ್ರೆಗೆ ಹೊಯ್ದು ಒಂದು ಚಮಚ ಹೆಪ್ಪು ಹಾಕಿ ಮುಚ್ಚಿದೆ. ಮರುದಿನ ಗಟ್ಟಿ ಮೊಸರು. ಕಡೆದು, ಬೆಣ್ಣೆ ತೆಗೆದು, ನೀರು ಬೆರೆಸಿ ಒಂದು ಲೋಟ ಕುಡಿದೆ. ಅದೇ ಹುಳಿ. ಕೊನೆಯಲ್ಲಿ ಅದೇ ಸಿಹಿ. ಅಡಿಗೆಮನೆಯ ನೆಲದ ಮೇಲೆ ಕೂತುಕೊಂಡೆ.

ಅಲ್ಲಿ ಕೂತಿರುವಾಗ ಭಾವ ಹೇಳುತ್ತಿದ್ದದ್ದು ಮೊದಲ ಸಲ ನನ್ನ ತಲೆಗೆ ಹೋಯಿತು. ನೀರು ಬರುವುದಿಲ್ಲ, ಆಕಾರ ಮಾತ್ರ ಬರುತ್ತದೆ. ಅವಳು ಹೆಪ್ಪು ಹಾಕಿದ ಹಾಲಿನ ಒಂದು ತೊಟ್ಟೂ ಈ ಲೋಟದಲ್ಲಿಲ್ಲ. ಹಾಲು ದಿನದಿನವೂ ಬೇರೆ, ಹಸು ಬೇರೆ, ಈಗ ಕೈಯೂ ಬೇರೆ. ರುಚಿ ಮಾತ್ರ ಪಾತ್ರೆಯಿಂದ ಪಾತ್ರೆಗೆ ನಡೆದು ಬಂದಿದೆ. ಅದೂ ಸಣ್ಣದಾಗುತ್ತಾ ಅಲ್ಲ, ಒಂದು ಚಮಚದಿಂದ ಪ್ರತಿದಿನ ಇಡೀ ಪಾತ್ರೆಯಾಗುತ್ತಾ. ಹಾಗಾದರೆ ಎರಡನೆಯ ಕ್ಲಾಸಿನಲ್ಲಿ ನಾನು ತಿಳಿದುಕೊಂಡಿದ್ದರಲ್ಲಿ ದೊಡ್ಡ ತಪ್ಪೇನೂ ಇರಲಿಲ್ಲ. ಅಲೆ ಎಂದರೆ ಮಜ್ಜಿಗೆಯೇ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಸಾಕ್ಷಿಗಳು ಬಹಳ ಚೆನ್ನಾಗಿ ಹೊಂದಿಕೊಂಡಾಗ ನನಗೆ ಏನಾಗುತ್ತದೆಂದು ಮೊದಲೇ ಹೇಳಿದ್ದೇನೆ. ಸಂಜೆ ಅದ್ರಾಮ ಬಂದ. ಕೇಳುವ ಮೊದಲೇ ಹೇಳಿದ.

“ನಿಮ್ಮ ಮಾಸ್ಟ್ರು ಭಾವ ನಿನ್ನೆ ಬಸ್ಸಿನಲ್ಲಿ ಮೊಸರಿನ ಅಭಿಷೇಕ ಮಾಡಿಸಿಕೊಂಡ್ರು ಏಜೆಂಟ್ರೇ. ಸಿದ್ಧಕಟ್ಟೆಗಿಂತ ಆಚೆ ಆ ತಿರುವು ಉಂಟಲ್ಲ, ಅಲ್ಲಿ ಚೆಂಬು ಪೂರ್ತಿ ಪಂಚೆಯ ಮೇಲೆ! ಮತ್ತೆ ಸಿದ್ಧಕಟ್ಟೆಯಲ್ಲಿ ಬಸ್ಸು ನಿಲ್ಲಿಸಿ ಅಂತ ಒಂದೇ ಹಟ. ಓಡಿ ಗಿರಿಜಕ್ಕನ ಮನೆಗೆ ಹೋದ್ರು. ಬರುವಾಗ ಚೆಂಬು ಫುಲ್ಲು. ಆ ಅಕ್ಕ ಬಾಗಿಲಲ್ಲಿ ನಿಂತು ನಗಾಡಿ ನಗಾಡಿ ಸುಸ್ತು.”

“ಯಾಕೆ ನಗಾಡಿದ್ದು?”

“ನೀವು ಅವತ್ತು ಕೇಳ್ಲಿಕ್ಕೆ ಬಂದದ್ದು ಹೆಪ್ಪಂತ ಮಾಸ್ಟ್ರು ಹೇಳಿದ್ರಲ್ಲ, ಅದಕ್ಕೆ. ತಂಗಿಗೆ ಬೇರೆ ಕಡೆ ಮಾತಾಗಿದೆಯಂತೆ. ನೀವು ಒಳ್ಳೆ ದಿನ ನೋಡಿಕೊಂಡು ಬಂದ್ರೆ ಬೇಡ ಅಂತ ಹೇಗೆ ಹೇಳುವುದೂಂತ ಗಂಡ ಹೆಂಡತಿಗೆ ನಿದ್ರೆಯೇ ಇಲ್ಲವಂತೆ ಮಾರಾಯ್ರೆ.”

ಹಾಗೆ, ನಾನು ಕೇಳದ ಸಂಬಂಧವೊಂದರಲ್ಲಿ ನನ್ನನ್ನು ಬೇಡವೆಂದದ್ದೂ ಆಯಿತು. ಆ ಸುದ್ದಿಯೂ ಅಳದಂಗಡಿ, ಬೆಳ್ತಂಗಡಿ ಸುತ್ತಿ ಬರಲು ಹೊರಟಿರಬಹುದು, ಹೋಗಲಿ. ಭಾವ ಈಗ ತಪ್ಪದೆ ಬರುತ್ತಾರೆ. ಮಜ್ಜಿಗೆ ಹಾಕಿಕೊಂಡು ಊಟ ಮಾಡುತ್ತಾರೆ. “ಇದು ನಮ್ಮ ಮನೆಯದ್ದೇ, ಗೊತ್ತಾಗ್ತದೆ,” ಎಂದು ನನ್ನ ಮುಖ ನೋಡುತ್ತಾರೆ. “ಮತ್ತೆ?” ಎಂದು ನಾನು ಅವರ ಮುಖ ನೋಡುತ್ತೇನೆ. ಆಮೇಲೆ ನಾವು ರಾಜೀವಿಯ ಮಾತು ಜೋರಾಗಿಯೇ ಆಡುತ್ತೇವೆ. ಒಂದೇ ಥರದ ಆ ಎರಡು ಕಂಬ ಯಾವುದೆಂದು ಅವರಿಗೂ ಅವಳು ಹೇಳಿರಲಿಲ್ಲವಂತೆ.

ಒಂದು ಅನುಮಾನ ಮಾತ್ರ ಉಳಿದಿದೆ, ಇದನ್ನು ನಿಮಗಲ್ಲದೆ ಬೇರೆ ಯಾರಿಗೂ ಹೇಳಿಲ್ಲ. ಗಿರಿಜಕ್ಕನ ಮಜ್ಜಿಗೆಗೂ ನನ್ನ ಹೆಂಡತಿಯ ಮಜ್ಜಿಗೆಗೂ ಒಂದೇ ರುಚಿ ಬಂದದ್ದು ಹೇಗೆ? ಅದೇ ಬಸ್ಸು, ಅದೇ ತಿರುವು, ಅಂಥದೇ ಚೆಂಬು. ಅವಳು ಬಂದ ದಿನವೂ ಬಸ್ಸು ತಡವಾಗಿತ್ತು. ನೆರಿಗೆಯೆಲ್ಲ ಹುಳಿ ವಾಸನೆ, ಚೆಂಬು ಮಾತ್ರ ಕಂಠದವರೆಗೆ. ಕಂಬದ ಗುಟ್ಟನ್ನು ಹೊಟ್ಟೆಯೊಳಗಿಟ್ಟುಕೊಂಡು ನಗುತ್ತಿದ್ದವಳು ಇದನ್ನೂ ಹಾಗೆಯೇ ಇಟ್ಟುಕೊಂಡಿದ್ದಳೇ? ನಮ್ಮ ಸಂಸಾರ ಪೂರ್ತಿ “ತವರಿನ ಹೆಪ್ಪು” ಎಂದು ನಾನು ಉಂಡದ್ದು ಸಿದ್ಧಕಟ್ಟೆಯದ್ದೇ?

ತಿಳಿಯಬೇಕಾದರೆ ಗಿರಿಜಕ್ಕನ ಮನೆಗೆ ಹೋಗಿ ಕೇಳಬೇಕು. ಆ ಜಗಲಿಯಲ್ಲಿ ನಾನು ಕೂತು ಕೇಳಿದರೆ ಏನಾಗುತ್ತದೆಂದು ನಿಮಗೂ ಈಗ ಗೊತ್ತು. ಅಲ್ಲದೆ ಇತ್ತೀಚೆಗೆ ನನಗೆ ಒಂದು ಅಭ್ಯಾಸವಾಗಿದೆ. ಹೆಪ್ಪು ಹಾಕಿದ ಮೇಲೆ ಮುಚ್ಚಳ ಎತ್ತಿ ನೋಡುವುದಿಲ್ಲ.